ಮೆಡಿಕೇರ್ ರಿಬೇಟ್ ಯಾಕೆ ಕಡಿಮೆ ಬಂತು: ನನ್ನ ಅನುಭವ

ಆಸ್ಟ್ರೇಲಿಯಾಕ್ಕೆ ಬಂದ ಮೊದಲ ವರ್ಷ ಹೆಂಡತಿಯನ್ನು ಸ್ಪೆಷಲಿಸ್ಟ್ ಹತ್ತಿರ ಕರ್ಕೊಂಡು ಹೋಗಿದ್ದೆ. ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 85% ವಾಪಸ್ ಕೊಡುತ್ತೆ (ಅದೇ ರಿಬೇಟ್) ಅಂತ ಕೇಳಿದ್ದೆ. ಖಾತೆಗೆ ಬಿದ್ದ ದುಡ್ಡು ನೋಡಿ ಎದೆ ಧಸಕ್ಕೆಂದಿತು. ಕೊಟ್ಟಿದ್ದರಲ್ಲಿ ಅರ್ಧವೂ ಇಲ್ಲ.

ರಸೀದಿ ತೆಗೆದು ಕೂತೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಐಟಂ ನಂಬರ್, ಅಂದರೆ ಆ ಚಿಕಿತ್ಸೆಯ ಸಂಕೇತ ಸಂಖ್ಯೆ ಇತ್ತು. ಅದನ್ನು ಮೆಡಿಕೇರ್ ಸೇವೆಗಳ ಪಟ್ಟಿ ಇರುವ ಸರ್ಕಾರದ ವೆಬ್‌ಸೈಟ್ ಎಂಬಿಎಸ್ ಆನ್‌ಲೈನ್‌ನಲ್ಲಿ ಹಾಕಿದಾಗ ಗುಟ್ಟು ಗೊತ್ತಾಯ್ತು. ಆ 85% ಡಾಕ್ಟರ್ ಕೇಳುವ ಫೀಸಿಗಲ್ಲ, ಸರ್ಕಾರ ನಿಗದಿ ಮಾಡಿದ ಶೆಡ್ಯೂಲ್ ಫೀಸಿಗೆ. ಉದಾಹರಣೆಗೆ, ಶೆಡ್ಯೂಲ್ ಫೀಸ್ 100 ಡಾಲರ್, ಡಾಕ್ಟರ್ ಕೇಳಿದ್ದು 250 ಅಂದರೆ ವಾಪಸ್ ಬರೋದು 85. ಉಳಿದ 165 ನಮ್ಮ ಜೇಬಿನಿಂದಲೇ. ಖಾಸಗಿ ರೋಗಿಯಾಗಿ ಆಸ್ಪತ್ರೆಗೆ ಸೇರಿದರೆ ರಿಬೇಟ್ ಇನ್ನೂ ಕಡಿಮೆ, 75%.

ಈಗ ಅಪಾಯಿಂಟ್‌ಮೆಂಟ್‌ಗೆ ಮುಂಚೆಯೇ ಫೋನ್ ಮಾಡಿ ಐಟಂ ನಂಬರ್, ಫೀಸ್ ಎರಡೂ ಕೇಳ್ತೀನಿ. ಕೇಳೋಕೆ ಸಂಕೋಚ ಬೇಡ, ಅವರು ದಿನಾ ಹೇಳೋ ವಿಷಯವೇ. ಜಿಪಿ (ನಾವು ಮೊದಲು ಹೋಗುವ ಸಾಮಾನ್ಯ ಡಾಕ್ಟರ್) ಸ್ಪೆಷಲಿಸ್ಟ್‌ಗೆ ಬರೆದುಕೊಟ್ಟ ರೆಫರಲ್ ಪತ್ರ ಸಾಮಾನ್ಯವಾಗಿ 12 ತಿಂಗಳು ನಡೆಯುತ್ತೆ, ಸ್ಪೆಷಲಿಸ್ಟನ್ನು ಮೊದಲ ಸಲ ಕಂಡ ದಿನದಿಂದ ಲೆಕ್ಕ. ಅದು ಮುಗಿದಿದ್ದರೆ ಸ್ಪೆಷಲಿಸ್ಟ್ ದರದ ರಿಬೇಟ್ ಸಿಗಲ್ಲ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಮೆಡಿಕೇರ್‌ನ ಸೇಫ್ಟಿ ನೆಟ್ ಅನ್ನೋ ವ್ಯವಸ್ಥೆ. ವರ್ಷದಲ್ಲಿ ಆಸ್ಪತ್ರೆಯ ಹೊರಗಿನ ಖರ್ಚು ಒಂದು ಮಿತಿ ದಾಟಿದರೆ ಡಿಸೆಂಬರ್ 31ರವರೆಗೆ ರಿಬೇಟ್ ಹೆಚ್ಚುತ್ತೆ. ಗಂಡ ಹೆಂಡತಿ ಒಂದೇ ಕಾರ್ಡಿನಲ್ಲಿದ್ದರೂ ಕುಟುಂಬವಾಗಿ ನೋಂದಾಯಿಸಲೇಬೇಕು. ಇಲ್ಲದಿದ್ದರೆ ಇಬ್ಬರ ಖರ್ಚು ಒಟ್ಟಿಗೆ ಸೇರಲ್ಲ. ನಾನು ಇದು ಗೊತ್ತಾದ ದಿನವೇ ರಾತ್ರಿ ನೋಂದಾಯಿಸಿದೆ.