ಮಲೆನಾಡಿನ ಮಳೆಗೂ ನಿಲ್ಲುವ ಜೆಲ್ ಉಗುರು

ಬೇಸಿಗೆಯಲ್ಲಿ ಮೂರು ವಾರ ಗಟ್ಟಿಯಾಗಿ ನಿಂತ ಜೆಲ್ (ಲ್ಯಾಂಪಿನ ಬೆಳಕಿಗೆ ಗಟ್ಟಿಯಾಗುವ ಉಗುರಿನ ಲೇಪ), ಜುಲೈ ಮಳೆಯಲ್ಲಿ ಹತ್ತು ದಿನಕ್ಕೇ ಅಂಚಿನಿಂದ ಏಳುವುದುಂಟು. ಬಾಟಲಿಯನ್ನು ಬೈದು ಪ್ರಯೋಜನವಿಲ್ಲ. ಉಗುರು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿನ ಜೆಲ್ ಅಷ್ಟು ಹಿಗ್ಗಿ ಕುಗ್ಗುವುದಿಲ್ಲ, ಹಾಗಾಗಿ ನಡುವೆ ಬಿರುಕು ಬಿಡುತ್ತದೆ. ಪಾತ್ರೆ, ಬಟ್ಟೆ, ಬಚ್ಚಲು ಎಂದು ದಿನವಿಡೀ ನೀರಲ್ಲಿ ಕೈಯಿಡುವವರು ಮೊದಲು ಯೋಚಿಸಬೇಕಾದದ್ದು ಬಣ್ಣವನ್ನಲ್ಲ, ಉಗುರು ಎಷ್ಟು ಒಣಗಿದೆ ಎಂಬುದನ್ನು.

ಯಾವುದನ್ನು ಹಾಕಿಸಬೇಕು? ಸ್ವಂತ ಉಗುರು ಗಟ್ಟಿಯಿದ್ದರೆ ಜೆಲ್ ಪಾಲಿಶ್ ಸಾಕು. ಸೀಳುವ ಉಗುರಿಗೆ ಬಲ ಕೊಡುವ ದಪ್ಪನೆಯ ಬಿಲ್ಡರ್ ಜೆಲ್ ಬೇಕು, ಆದರೆ ಅದು ‘ಸೋಕ್ ಆಫ್’, ಅಂದರೆ ಅಸಿಟೋನ್ ಎಂಬ ದ್ರವದಲ್ಲಿ ನೆನೆಸಿ ತೆಗೆಯುವಂಥದ್ದು ಹೌದೋ ಎಂದು ಮೊದಲೇ ಕೇಳಿ. ಹಾರ್ಡ್ ಜೆಲ್ ಅಸಿಟೋನ್‌ಗೆ ಕರಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಪುಡಿ, ದ್ರವ ಕಲಸಿ ಕಟ್ಟುವ ಅಕ್ರಿಲಿಕ್ ಆದರೆ ಅದರ ದ್ರವದಲ್ಲಿ ಎಂಎಂಎ (ಮೀಥೈಲ್ ಮೆಥಾಕ್ರಿಲೇಟ್) ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಅದು ಕಲ್ಲಿನಂತೆ ಗಟ್ಟಿಯಾಗುವುದರಿಂದ ಎಲ್ಲಾದರೂ ಸಿಕ್ಕಿಕೊಂಡರೆ ಕೃತಕ ಉಗುರು ಮುರಿಯುವ ಬದಲು ಸ್ವಂತ ಉಗುರೇ ಕಿತ್ತು ಬರುತ್ತದೆ. ಒಂದು ಮದುವೆಗೆ ಮಾತ್ರ ಎಂದಾದರೆ ಅಂಟಿಸಿಕೊಳ್ಳುವ ಸಿದ್ಧ ಉಗುರು, ಪ್ರೆಸ್-ಆನ್ ಸಾಕು, ಅದಕ್ಕಿಂತ ಹೆಚ್ಚು ಖರ್ಚು ದಂಡ. ಅದರ ಅಂಟು ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ಬಿಸಿಯೇರಿ ಚರ್ಮ ಸುಡಬಹುದು. ಚೂಡಿದಾರದ ಮೇಲೆ ಕೈಯಿಟ್ಟು ಅಂಟಿಸಬೇಡಿ.

ಹಾಕುವ ದಿನ ಸ್ನಾನ, ಪಾತ್ರೆ ಎಲ್ಲ ಮುಗಿದು ಎರಡು ಗಂಟೆಯಾದರೂ ಕಳೆದಿರಲಿ. ಮ್ಯಾನಿಕ್ಯೂರ್ ಎಂದು ಬೆರಳನ್ನು ಬಿಸಿನೀರಲ್ಲಿ ನೆನೆಸಿ, ಒರೆಸಿ, ಕೂಡಲೇ ಜೆಲ್ ಬಳಿಯುವ ಪಾರ್ಲರ್ ಇದ್ದರೆ ಬೇಡವೆನ್ನಿ. ಕೊಬ್ಬರಿ ಎಣ್ಣೆ, ಕ್ರೀಮು ಏನೂ ತಾಕಿರಬಾರದು.

ಕೆಲಸದ ಅರ್ಧಭಾಗ ತಯಾರಿಯದ್ದೇ. ಬುಡದಲ್ಲಿ ಉಗುರಿನ ಮೇಲ್ಮೈಗೆ ಅಂಟಿಕೊಂಡ ತೆಳು ಸತ್ತ ಪೊರೆ ಕಣ್ಣಿಗೆ ಕಾಣಿಸುವುದೇ ಇಲ್ಲ. ಮರದ ಕಡ್ಡಿಯಿಂದ ಹಿಂದಕ್ಕೆ ತಳ್ಳಿ, ಮೃದುವಾಗಿ ಕೆರೆದಾಗ ಬಿಳಿ ಪುಡಿಯಾಗಿ ಬರುತ್ತದೆ. ಅದು ಉಳಿದರೆ ಜೆಲ್ ಕೂರುವುದು ಉಗುರಿನ ಮೇಲಲ್ಲ, ಆ ಪೊರೆಯ ಮೇಲೆ. ಪೊರೆ ಎದ್ದಾಗ ಜೆಲ್ಲೂ ಏಳುತ್ತದೆ. ಸುತ್ತಲಿನ ಜೀವಂತ ಚರ್ಮ ಮಾತ್ರ ಕತ್ತರಿಸಬೇಡಿ. ಬಳಿಕ 180 ಗ್ರಿಟ್ ಫೈಲಿನಿಂದ ಹೊಳಪು ಹೋಗುವಷ್ಟೇ ಉಜ್ಜಿ, ಪುಡಿ ಒರೆಸಿ, ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಸ್ಯಾನಿಟೈಜರ್ ಇದಕ್ಕೆ ಆಗದು, ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ.

ಪದರಗಳ ಲೆಕ್ಕ: ಅಡಿಗೆ ಬೇಸ್ ಒಂದು, ಬಣ್ಣ ಎರಡು, ಮೇಲೆ ಟಾಪ್ ಒಂದು. ಪ್ರತಿಯೊಂದೂ ತೆಳುವಾಗಿರಲಿ, ಪ್ರತಿ ಪದರದಲ್ಲೂ ಉಗುರಿನ ತುದಿಯಂಚಿಗೂ ಒಮ್ಮೆ ಬ್ರಷ್ ಎಳೆಯಿರಿ. ನೀರು ನುಗ್ಗುವುದು ಅಲ್ಲಿಂದಲೇ. ಚರ್ಮಕ್ಕೆ ತಾಗಿದ ಜೆಲ್ ಅನ್ನು ಲ್ಯಾಂಪಿಗೆ ಕೈಯಿಡುವ ಮೊದಲೇ ಕಡ್ಡಿಯಿಂದ ತೆಗೆಯಿರಿ. ಎಲ್‌ಇಡಿ ಲ್ಯಾಂಪಿನಲ್ಲಿ ಸಾಮಾನ್ಯವಾಗಿ ಪದರಕ್ಕೆ 60 ಸೆಕೆಂಡ್, ಹಳೆಯ ಯುವಿ ಟ್ಯೂಬಿನದಾದರೆ 2 ನಿಮಿಷ; ಬಾಟಲಿ ಬೇರೆ ಹೇಳಿದರೆ ಅದೇ ಸರಿ. ಹೆಬ್ಬೆರಳು ಓರೆಯಾಗಿ ಕೂರುವುದರಿಂದ ನಾಲ್ಕು ಬೆರಳು ಮುಗಿಸಿ ಅದನ್ನು ಬೇರೆಯಾಗಿ ಇಡಿ. ಲ್ಯಾಂಪಿನೊಳಗೆ ಚುರ್ ಎಂದು ಸುಟ್ಟಂತಾದರೆ ಪದರ ದಪ್ಪವಾಗಿದೆ, ಇಲ್ಲವೇ ಉಗುರನ್ನು ವಿಪರೀತ ಉಜ್ಜಲಾಗಿದೆ. ಕೈ ಹೊರಗೆಳೆದು, ಉರಿ ತಣಿದ ಮೇಲೆ ಮತ್ತೆ ಇಡಿ.

ಮಳೆಗಾಲದಲ್ಲಿ ನಡುವೆ ಕರೆಂಟ್ ಹೋಗುವುದು ನಮ್ಮಲ್ಲಿ ಇದ್ದದ್ದೇ. ಬಂದ ಮೇಲೆ ಉಳಿದ ಸೆಕೆಂಡನ್ನಷ್ಟೇ ಲೆಕ್ಕ ಹಾಕದೆ ಆ ಪದರಕ್ಕೆ ಪೂರ್ತಿ ಸಮಯ ಮತ್ತೆ ಕೊಡಿ. ಅರೆಬೆಂದ ಜೆಲ್ ಚರ್ಮಕ್ಕೆ ತಾಗುತ್ತಿದ್ದರೆ ಅದರಲ್ಲಿರುವ ಅಕ್ರಿಲೇಟ್ ರಾಸಾಯನಿಕಕ್ಕೆ ಅಲರ್ಜಿ ಹುಟ್ಟಬಹುದು: ಬೆರಳ ತುದಿಯಲ್ಲಿ ತುರಿಕೆ, ನೀರ್ಗುಳ್ಳೆ, ಕೆಲವರಿಗೆ ರೆಪ್ಪೆಯ ಮೇಲೂ ದದ್ದು. ಒಮ್ಮೆ ಬಂದದ್ದು ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಹಲ್ಲಿನ ಫಿಲ್ಲಿಂಗ್‌ನಲ್ಲೂ ಇದೇ ಬಗೆಯ ರಾಸಾಯನಿಕ ಇರುವುದರಿಂದ ದಂತವೈದ್ಯರಿಗೂ ಹೇಳಬೇಕಾಗುತ್ತದೆ.

ಲ್ಯಾಂಪಿನ ಯುವಿ ಬಗ್ಗೆ ಅಳುಕಿದ್ದರೆ ಬೆರಳ ತುದಿ ಕತ್ತರಿಸಿದ ಗ್ಲೌಸ್ ಹಾಕಿಕೊಳ್ಳಿ. ಸನ್‌ಸ್ಕ್ರೀನ್ ಉಗುರಿಗೆ ಹತ್ತಿದರೆ ಜೆಲ್ ಹಿಡಿಯದು.

ಆಮೇಲಿನ ಆರೈಕೆ ಇಷ್ಟೇ: ಪಾತ್ರೆಗೆ ರಬ್ಬರ್ ಗ್ಲೌಸ್, ರಾತ್ರಿ ಉಗುರಿನ ಬುಡಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ, ಎರಡು-ಮೂರು ವಾರಕ್ಕೊಮ್ಮೆ ಬೆಳೆದ ಬುಡದ ಜಾಗ ತುಂಬಿಸುವ ರೀಫಿಲ್. ಅಡಿಕೆ ಸುಲಿತದ ದಿನಗಳಲ್ಲಿ ಉದ್ದ ಉಗುರು ಬೇಡ. ಮೆಟ್ಟುಗತ್ತಿಯ ಮುಂದೆ ಕೂತವರಿಗೆ ಬೆರಳ ತುದಿಯ ಅಂದಾಜು ತಪ್ಪುತ್ತದೆ. ಅಡಿಕೆಯ ಚೊಗರು ತಾಗಿದರೆ ತಿಳಿ ಬಣ್ಣದ ಜೆಲ್ ಕಂದಾಗುತ್ತದೆ, ಅಡುಗೆಮನೆಯ ಅರಿಶಿನವೂ ಅಷ್ಟೇ. ಆಗ ಗಾಢ ಬಣ್ಣವೇ ಜಾಣತನ.

ಅಂಚು ಎದ್ದಿತೆಂದು ಮೇಲಿಂದ ಅಂಟು ಸುರಿದು ಮುಚ್ಚಬೇಡಿ. ಒಳಗೆ ಸಿಕ್ಕ ತೇವದಲ್ಲಿ ಸೂಡೊಮೊನಾಸ್ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗುತ್ತದೆ. ಇದನ್ನು ಫಂಗಸ್ ಎಂದುಕೊಂಡು ಮುಲಾಮು ಹಚ್ಚುತ್ತ ಕೂರುವವರೇ ಹೆಚ್ಚು. ಜೆಲ್ ತೆಗೆದು ಉಗುರನ್ನು ಒಣಗಿಸಿಡಿ. ನೋವು, ಊತ ಇದ್ದರೆ, ಇಲ್ಲವೇ ಹಸಿರು ಹರಡುತ್ತಿದ್ದರೆ ಚರ್ಮವೈದ್ಯರ ಬಳಿ ಹೋಗಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಕಲೆ ಪೂರ್ತಿ ಹೋಗಲು ತಿಂಗಳುಗಳೇ ಬೇಕು.

ತೆಗೆಯುವಾಗ ಟಾಪ್ ಕೋಟಿನ ಹೊಳಪು ಉಜ್ಜಿ, ಅಸಿಟೋನ್ ಅದ್ದಿದ ಹತ್ತಿಯಿಟ್ಟು, ಫಾಯಿಲ್ ಸುತ್ತಿ 10–15 ನಿಮಿಷ ಬಿಡಿ. ತಾನಾಗಿ ಎದ್ದದ್ದನ್ನು ಮಾತ್ರ ಕಡ್ಡಿಯಿಂದ ತಳ್ಳಿ. ಬಾರದ್ದಕ್ಕೆ ಇನ್ನೈದು ನಿಮಿಷ ಸುತ್ತಿ. ಬಸ್ಸಲ್ಲಿ ಕೂತು ಕಿತ್ತರೆ ಉಗುರಿನ ಮೇಲ್ಪದರವೂ ಜೊತೆಗೇ ಬರುತ್ತದೆ. ಅಸಿಟೋನ್ ಆವಿಗೇ ಬೆಂಕಿ ಹತ್ತುತ್ತದೆ. ಒಲೆ, ದೇವರ ದೀಪದಿಂದ ದೂರ, ಕಿಟಕಿ ತೆರೆದಿಟ್ಟು ಈ ಕೆಲಸ ಮಾಡಿ.

ಆಪರೇಷನ್‌ಗೆ ದಿನ ಗೊತ್ತಾಗಿದ್ದರೆ ಮೊದಲೇ ಆಸ್ಪತ್ರೆಯವರನ್ನು ಕೇಳಿ ತೆಗೆಸಿಬಿಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಉಗುರಿನ ಮೂಲಕ ಬೆಳಕು ಹಾಯಿಸಿ ಅಳೆಯುವುದರಿಂದ ಗಾಢ ಬಣ್ಣ, ದಪ್ಪ ಜೆಲ್ ಎರಡೂ ಅಡ್ಡ ಬರಬಹುದು.