ಪೋರ್ಟ್ ಎಣಿಸುವ ಮೊದಲು ವಾಟ್ ಎಣಿಸಿ: ಆಫೀಸಿಗೆ ಪಿಒಇ ಸ್ವಿಚ್ ಆರಿಸುವುದು ಹೇಗೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಆಫೀಸು. ನಾನೇ ಎದುರು ನಿಂತು ಹಾಕಿಸಿದ ಸ್ವಿಚ್, ಅಂದರೆ ಕಂಪ್ಯೂಟರ್, ಫೋನು, ಕ್ಯಾಮೆರಾಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಕ್ಯಾಮೆರಾಗಳಿಗೆ ಕರೆಂಟೂ ಅದರಿಂದಲೇ. ಹಗಲಿಡೀ ಎಲ್ಲ ಸರಿ. ಸಂಜೆ ಆರೂಮುಕ್ಕಾಲು ಆಯಿತೆಂದರೆ ಗೋಡೌನಿನ ಎರಡು ಕ್ಯಾಮೆರಾ ಕಣ್ಣು ಮುಚ್ಚುತ್ತಿದ್ದವು. ಬೆಳಿಗ್ಗೆ ತಾನಾಗಿ ಸರಿಯಾಗುತ್ತಿದ್ದವು.

"ಎಂತ ಮಾರಾಯ್ರೇ, ನಿಮ್ಮ ಕ್ಯಾಮೆರಾಕ್ಕೆ ಇರುಳುಗುರುಡಾ?" ಎಂದು ಸೆಕ್ರೆಟರಿಯವರು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಕೇಬಲ್ ಬದಲಿಸಿದೆ, ಕನೆಕ್ಟರ್ ಹೊಸತು ಒತ್ತಿದೆ. ಮೂರು ದಿನ ಸುಮ್ನೆ ಹೋಯಿತು. ಆಮೇಲೆ ಗೊತ್ತಾಯಿತು, ಕತ್ತಲಾದ ಕೂಡಲೇ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುತ್ತವೆ. ಹಗಲಲ್ಲಿ ಐದು ವಾಟ್ ತಿನ್ನುವ ಕ್ಯಾಮೆರಾ ರಾತ್ರಿ ಒಂಬತ್ತು ತಿನ್ನುತ್ತಿತ್ತು. ಎಲ್ಲವೂ ಒಟ್ಟಿಗೆ ಕೈಯೊಡ್ಡಿದಾಗ ಸ್ವಿಚ್ಚಿನ ಹತ್ತಿರ ಅಷ್ಟು ಇರಲಿಲ್ಲ. ಕೊನೆಯ ಎರಡು ಪೋರ್ಟಿಗೆ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗೆ, ಅದು ಕರೆಂಟು ನಿಲ್ಲಿಸಿಬಿಡುತ್ತಿತ್ತು. ಇಪ್ಪತ್ತನಾಲ್ಕು ಪೋರ್ಟ್ ಇದೆ ಎಂದು ನೋಡಿ ತೆಗೆದುಕೊಂಡಿದ್ದೆ. ಒಟ್ಟು ಎಷ್ಟು ವಾಟ್ ಕೊಡುತ್ತದೆ ಎಂದು ನೋಡಿರಲಿಲ್ಲ.

ಈಗ ಅದೇ ಆಫೀಸು ಮೂರು ಮಾಳಿಗೆಯ ಕಟ್ಟಡಕ್ಕೆ ಹೋಗಿದೆ. ಈ ಸಲ ಮಾಡಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಪಿಒಇ ಅಂದರೆ ಪವರ್ ಓವರ್ ಈಥರ್ನೆಟ್. ಇಂಟರ್ನೆಟ್ಟಿನ ಕೇಬಲ್ಲಿನಲ್ಲೇ ಕರೆಂಟೂ ಹೋಗುತ್ತದೆ. ಕ್ಯಾಮೆರಾ, ಟೇಬಲ್ ಮೇಲಿನ ಐಪಿ ಫೋನು, ವೈಫೈಯ ಆಕ್ಸೆಸ್ ಪಾಯಿಂಟ್, ಇವಕ್ಕೆ ಬೇರೆ ಪ್ಲಗ್ಗು, ಅಡಾಪ್ಟರ್ ಬೇಡ. ನಮ್ಮೂರಿನ ಹಳೆ ಕಟ್ಟಡಗಳಲ್ಲಿ ಇದು ದೊಡ್ಡ ಉಪಕಾರ. ದಪ್ಪ ಮುರಕಲ್ಲಿನ ಗೋಡೆ ದಾಟುವಷ್ಟರಲ್ಲಿ ವೈಫೈ ಸೊರಗುತ್ತದೆ. ಹಾಗಾಗಿ ಎರಡು ಕೋಣೆಗೊಂದು ಆಕ್ಸೆಸ್ ಪಾಯಿಂಟ್ ಬೇಕು. ಅಷ್ಟಕ್ಕೂ ಸೀಲಿಂಗಿನಲ್ಲಿ ಪ್ಲಗ್ ಪಾಯಿಂಟ್ ಮಾಡಿಸುವುದು ಯಾರಿಂದ ಆಗುತ್ತದೆ?

ಲ್ಯಾಪ್‌ಟಾಪ್ ಚುಚ್ಚಿದರೆ ಸುಟ್ಟುಹೋಗುತ್ತದಾ ಎಂದು ಕೆಲವರು ಹೆದರುತ್ತಾರೆ. ಇಲ್ಲ. ಸ್ಟ್ಯಾಂಡರ್ಡ್ ಪಿಒಇ ಸ್ವಿಚ್ ಮೊದಲು ಸಣ್ಣ ವೋಲ್ಟೇಜು ಕಳಿಸಿ ಆ ಕಡೆ ಕರೆಂಟು ಬೇಕಾದ ಸಾಧನ ಇದೆಯಾ ಎಂದು ನೋಡುತ್ತದೆ. ಇದ್ದರೆ ಮಾತ್ರ ಕೊಡುತ್ತದೆ. ಅಗ್ಗದ "ಪ್ಯಾಸಿವ್" ಪಿಒಇಗೆ ಈ ವಿಚಾರಣೆಯೇ ಇಲ್ಲ, ನೇರ ನೂಕುತ್ತದೆ. ಆಫೀಸಿಗೆ ಅದು ಬೇಡ.

ಮೊದಲು ಕಾಗದ, ಪೆನ್ನು

ಅಂಗಡಿಗೆ ಹೋಗುವ ಮೊದಲು ಸಾಧನಗಳ ಪಟ್ಟಿ ಮಾಡಿ. ಪ್ರತಿಯೊಂದರ ಎದುರು ಅದು ಅತಿ ಹೆಚ್ಚು ತಿನ್ನುವ ವಾಟ್ ಬರೆಯಿರಿ. ಹಗಲಿನದ್ದಲ್ಲ, ರಾತ್ರಿಯದ್ದು. ನಮ್ಮ ಪಟ್ಟಿ ಹೀಗಿತ್ತು: 14 ಐಪಿ ಫೋನು, ತಲಾ 5 ವಾಟ್, 70. ಕ್ಯಾಮೆರಾ 12, ತಲಾ 9, 108. ತಿರುಗುವ ದೊಡ್ಡ ಕ್ಯಾಮೆರಾ ಎರಡು, ತಲಾ 25, 50. ಆಕ್ಸೆಸ್ ಪಾಯಿಂಟ್ ಆರು, ತಲಾ 18, 108. ಬೆರಳಚ್ಚು ಒತ್ತುವ ಹಾಜರಿ ಮೆಷಿನ್ ಎರಡು, ತಲಾ 6, 12. ಒಟ್ಟು 348 ವಾಟ್, 36 ಪೋರ್ಟ್.

ಕಂಪ್ಯೂಟರುಗಳಿಗೆ ಕರೆಂಟು ಬೇಡ, ಆದರೆ ಪೋರ್ಟ್ ಬೇಕು. ಹೆಚ್ಚಿನ ಐಪಿ ಫೋನುಗಳ ಬೆನ್ನಲ್ಲಿ ಇನ್ನೊಂದು ಪೋರ್ಟ್ ಇರುತ್ತದೆ, ಕಂಪ್ಯೂಟರನ್ನು ಅಲ್ಲಿಗೇ ಸಿಕ್ಕಿಸಬಹುದು. ಹಾಗೆ 14 ಕಂಪ್ಯೂಟರ್ ಕಳೆಯಿತು. ಉಳಿದ ಆರು, ಪ್ರಿಂಟರ್ ಎರಡು. ಕೂಡಿಸಿದರೆ 44 ಪೋರ್ಟ್.

ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ

ಪೆಟ್ಟಿಗೆಯ ಮೇಲೆ "48 ಪೋರ್ಟ್ ಪಿಒಇ ಪ್ಲಸ್, ಪೋರ್ಟಿಗೆ 30 ವಾಟ್" ಎಂದಿರುತ್ತದೆ. ಓದಿದವರು 48 ಕಡೆಯೂ 30 ಸಿಗುತ್ತದೆ ಎಂದುಕೊಳ್ಳುತ್ತಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ "ಪಿಒಇ ಬಜೆಟ್ 370 ವಾಟ್" ಎಂದಿರುತ್ತದೆ, ಅಂದರೆ ಎಲ್ಲ ಪೋರ್ಟಿಗೂ ಸೇರಿ ಕೊಡುವುದು ಅಷ್ಟೇ. ಅದನ್ನು 48ರಿಂದ ಭಾಗಿಸಿ. ಪೋರ್ಟಿಗೆ ಎಂಟು ವಾಟ್ ಕೂಡ ಬರುವುದಿಲ್ಲ. ಮದುವೆ ಊಟಕ್ಕೆ ಐನೂರು ಎಲೆ ಹಾಕಿ ಇನ್ನೂರು ಜನಕ್ಕೆ ಅನ್ನ ಮಾಡಿದ ಹಾಗೆ.

ಪೋರ್ಟ್ ಒಂದಕ್ಕೆ ಎಷ್ಟು ಎಂಬುದಕ್ಕೂ ಮೂರು ದರ್ಜೆ ಇವೆ. 2003ರ 802.3ಎಎಫ್ ಎಂಬ ಸ್ಟ್ಯಾಂಡರ್ಡ್ ಪ್ರಕಾರ ಸ್ವಿಚ್ಚಿನಿಂದ 15.4 ವಾಟ್ ಹೊರಡುತ್ತದೆ, ನೂರು ಮೀಟರ್ ಕೇಬಲ್ಲಿನ ನಷ್ಟ ಕಳೆದು ಸಾಧನಕ್ಕೆ 12.95 ಖಾತ್ರಿ. 2009ರ 802.3ಎಟಿ, ಅಂದರೆ ಪಿಒಇ ಪ್ಲಸ್, 30 ಕಳಿಸುತ್ತದೆ, 25.5 ತಲುಪುತ್ತದೆ. 2018ರ 802.3ಬಿಟಿ 60ರಿಂದ 90 ವಾಟ್ ತನಕ ಕೊಡುತ್ತದೆ. ನಮ್ಮ ಆಕ್ಸೆಸ್ ಪಾಯಿಂಟಿಗೆ 18 ಬೇಕು, ಹಾಗಾಗಿ ಎಎಫ್ ಸಾಲದು. ತಿರುಗುವ ಕ್ಯಾಮೆರಾಕ್ಕೆ 25, ಎಟಿ ಬೇಕೇ ಬೇಕು. ಬಿಟಿ ನಮಗೆ ಬೇಕಿರಲಿಲ್ಲ, ಹಣ ಉಳಿಸಿದೆವು. ಎಲ್ಲ ಪೋರ್ಟೂ ಎಟಿ ಹೌದಾ ಎಂದು ಕೇಳಲು ಮರೆಯಬೇಡಿ. ಕೆಲವು ಮಾಡೆಲಿನಲ್ಲಿ ಮೊದಲ ಕೆಲವೇ ಪೋರ್ಟ್ ಮಾತ್ರ ಹಾಗಿರುತ್ತವೆ.

ಬಂದ ಒಟ್ಟು ಮೊತ್ತಕ್ಕೆ ಕಾಲು ಭಾಗ ಸೇರಿಸಿ. 348ಕ್ಕೆ 87 ಸೇರಿದರೆ 435. ಅಲ್ಲಿಗೆ 370 ವಾಟಿನ ಒಂದೇ ದೊಡ್ಡ ಸ್ವಿಚ್ ಪಟ್ಟಿಯಿಂದ ಹೊರಗೆ. 190 ವಾಟಿನ 24 ಪೋರ್ಟಿನವು ಎರಡು ತಂದರೆ 380, ನಾಳೆ ನಾಲ್ಕು ಕ್ಯಾಮೆರಾ ಜಾಸ್ತಿಯಾದರೆ ಮತ್ತೆ ಇರುಳುಗುರುಡು. 370 ವಾಟಿನ 24 ಪೋರ್ಟಿನವು ಎರಡು ಎಂದು ತೀರ್ಮಾನವಾಯಿತು. ಎರಡೂ ಸೇರಿ ಸ್ಟ್ಯಾಕ್.

ಸ್ಟ್ಯಾಕ್ ಹೌದಾ, ಬರೀ ಹೆಸರಾ?

ಸ್ಟ್ಯಾಕ್ ಮಾಡಿದ ಸ್ವಿಚ್ಚುಗಳು ಹೊರಗಿನಿಂದ ಎರಡು, ಒಳಗಿನಿಂದ ಒಂದೇ. ಐಪಿ ವಿಳಾಸ ಒಂದು, ಸೆಟ್ಟಿಂಗ್ ಒಂದು ಕಡೆ. ಒಂದು ಸ್ವಿಚ್ ಯಜಮಾನ, ಇನ್ನೊಂದು ಕಾದಿರುತ್ತದೆ. ಯಜಮಾನ ಬಿದ್ದರೆ ಇದು ಕೆಲಸ ವಹಿಸಿಕೊಳ್ಳುತ್ತದೆ. ಸರ್ವರಿನಿಂದ ಎರಡಕ್ಕೂ ಒಂದೊಂದು ಕೇಬಲ್ ಎಳೆದು ಎರಡನ್ನೂ ಒಂದೇ ದಾರಿಯ ಹಾಗೆ ಬಳಸಬಹುದು. ಒಂದು ಸ್ವಿಚ್ ಹೋದರೂ ಸರ್ವರ್ ಸಿಗುತ್ತದೆ. ಸ್ಟ್ಯಾಕಿಗೆ ಹಣ ಕೊಡುವುದು ಇದಕ್ಕೇ.

ಕೆಲವು ಕಂಪನಿಗಳು "ವರ್ಚುವಲ್ ಸ್ಟ್ಯಾಕಿಂಗ್" ಎಂದು ಬರೆದಿರುತ್ತವೆ. ಬಹಳಷ್ಟು ಸಲ ಅದು ಹಲವು ಸ್ವಿಚ್ಚುಗಳನ್ನು ಒಂದೇ ಪರದೆಯಲ್ಲಿ ತೋರಿಸುವುದು, ಅಷ್ಟೇ. ಹಾಗಾಗಿ ಅಂಗಡಿಯವರಿಗೆ ಒಂದೇ ಪ್ರಶ್ನೆ ಹಾಕಿ: "ಎರಡು ಸ್ವಿಚ್ಚಿನ ಪೋರ್ಟ್ ಸೇರಿಸಿ ಒಂದು ಲಿಂಕ್ ಮಾಡ್ಲಿಕ್ಕೆ ಆಗ್ತದಾ?" ತಡವರಿಸಿದರೆ ಅದು ನಿಜವಾದ ಸ್ಟ್ಯಾಕ್ ಅಲ್ಲ ಎಂದೇ ತಿಳಿಯಿರಿ.

ನಮ್ಮಲ್ಲಿ ಈ ಮಾತುಕತೆ ನಡೆದದ್ದು ಚೆಂದ. ಅಂಗಡಿಯ ಹುಡುಗ ಮಲಯಾಳದಲ್ಲಿ ವಿವರಿಸಿದ, ಸೆಕ್ರೆಟರಿಯವರು ತುಳುವಿನಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಬರೆದುಕೊಂಡೆ, ಕೊಟೇಶನ್ ಇಂಗ್ಲಿಷಿನಲ್ಲಿ ಬಂತು.

ಇನ್ನೊಂದು ವಿಷಯ ಬಹಳ ಜನ ತಪ್ಪು ತಿಳಿಯುತ್ತಾರೆ. ಸ್ಟ್ಯಾಕ್ ಮಾಡಿದ ಮಾತ್ರಕ್ಕೆ ಎರಡರ ಪಿಒಇ ಬಜೆಟ್ ಸಾಮಾನ್ಯವಾಗಿ ಸೇರುವುದಿಲ್ಲ. ಕರೆಂಟಿನ ವಿಚಾರದಲ್ಲಿ ಪ್ರತಿ ಸ್ವಿಚ್ಚಿನ ಅಡುಗೆಮನೆ ಬೇರೆಯೇ. ಹಾಗಾಗಿ ಜಾಸ್ತಿ ತಿನ್ನುವವರನ್ನು ಹಂಚಿ: ಮೂರು ಆಕ್ಸೆಸ್ ಪಾಯಿಂಟ್ ಇಲ್ಲಿ, ಮೂರು ಅಲ್ಲಿ. ಪಕ್ಕಪಕ್ಕದ ಕೋಣೆಯವು ಬೇರೆ ಬೇರೆ ಸ್ವಿಚ್ಚಿಗೆ ಹೋಗಲಿ, ಒಂದು ಕೈಕೊಟ್ಟರೂ ವೈಫೈ ಪೂರ್ತಿ ಹೋಗದು.

ಸ್ಟ್ಯಾಕಿನ ಕೇಬಲ್ ಯಾವಾಗಲೂ ಉಂಗುರದ ಹಾಗೆ ಸುತ್ತಿ ಬರಬೇಕು. ಮೂರು ಸ್ವಿಚ್ ಇದ್ದರೆ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ಮತ್ತೆ ಒಂದಕ್ಕೆ. ಹಿಂಬದಿಯಲ್ಲಿ ಬೇರೆ ಸ್ಟ್ಯಾಕ್ ಪೋರ್ಟ್ ಇದ್ದರೆ ಒಳ್ಳೆಯದು, ಆದರೆ ಆ ಕೇಬಲ್ ಗಿಡ್ಡ, ಒಂದೇ ರ್ಯಾಕಿಗೆ ಸರಿ. ಮಾಳಿಗೆಗೊಂದು ಇಡುವುದಾದರೆ ಮುಂಬದಿಯ 10 ಗಿಗಾಬಿಟ್ ಪೋರ್ಟಿನಿಂದ ಫೈಬರಿನಲ್ಲಿ ಸ್ಟ್ಯಾಕ್ ಆಗುವ ಮಾಡೆಲ್ ಬೇಕು. ಅಂಥ ಪೋರ್ಟ್ ನಾಲ್ಕಿದ್ದರೆ ಎರಡು ಸ್ಟ್ಯಾಕಿಗೇ ಹೋಯಿತು. ಸ್ಟ್ಯಾಕಿನಲ್ಲಿ ಒಂದೇ ಸರಣಿಯ ಸ್ವಿಚ್ ಇರಬೇಕು, ಫರ್ಮ್‌ವೇರೂ (ಸ್ವಿಚ್ಚಿನ ಒಳಗಿನ ಸಾಫ್ಟ್‌ವೇರ್) ಒಂದೇ. ಮೂರು ವರ್ಷ ಬಿಟ್ಟು ಮೂರನೆಯದು ಬೇಕೆಂದರೆ ಆ ಸರಣಿ ಆಗಲೂ ಸಿಗುತ್ತದಾ, ಕೇಳಿಡಿ.

ಹದಿನೈದು ಇಪ್ಪತ್ತು ಸಾಧನದ ಸಣ್ಣ ಆಫೀಸಾ? ಸ್ಟ್ಯಾಕ್ ಬೇಡ. ಒಂದು ಒಳ್ಳೆಯ ಸ್ವಿಚ್ ತನ್ನಿ, ಉಳಿದ ದುಡ್ಡಿಗೆ ಯುಪಿಎಸ್ ತನ್ನಿ.

ಕೇಬಲ್ಲನ್ನು ಕೆರೆದು ನೋಡಿ

ಬ್ಲೇಡಿನಿಂದ ಒಂದು ಎಳೆ ತಂತಿಯನ್ನು ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅಲ್ಯುಮಿನಿಯಂ, ಮೇಲಿಂದ ತಾಮ್ರದ ಲೇಪ. ಇಂಟರ್ನೆಟ್ ಅದರಲ್ಲೂ ಓಡುತ್ತದೆ, ಹಾಗಾಗಿ ಮೋಸ ಗೊತ್ತಾಗುವುದಿಲ್ಲ. ಪಿಒಇ ಹಾಕಿದಾಗ ಅದು ಬಿಸಿಯಾಗುತ್ತದೆ, ದೂರಕ್ಕೆ ವೋಲ್ಟೇಜು ಇಳಿಯುತ್ತದೆ. ತಾಮ್ರದ್ದೇ ಆದರೂ ನೂರು ಮೀಟರ್ ದಾಟಿಸಬೇಡಿ. ಅಡಿಕೆ ತೋಟ ಸುತ್ತಿ ಗೇಟಿನ ತನಕ ಎಳೆಯುವವರು ಮೊದಲು ಅಳೆದುಕೊಳ್ಳಿ.

ಹೊರಗಿನ ಕೇಬಲ್ ಎಂದರೆ ಸಿಡಿಲಿನ ಮಾತೂ ಬಂತು. ಹಿಂಗಾರಿನಲ್ಲಿ ಮಧ್ಯಾಹ್ನ ಮೇಲೆ ಗುಡುಗು ಕೇಳಿದ ಕೂಡಲೇ ಮೋಡೆಮ್ಮಿನ ವಯರ್ ಎಳೆಯುವುದು ನಮ್ಮಲ್ಲಿ ಮನೆಮನೆಯ ಅಭ್ಯಾಸ. 44 ಕೇಬಲ್ ಎಳೆಯಲು ಆಗುತ್ತದಾ? ಪ್ಲಗ್ಗಿನ ಕಡೆ ಎಷ್ಟೇ ರಕ್ಷಣೆ ಇದ್ದರೂ ಕ್ಯಾಮೆರಾದ ಕೇಬಲ್ಲಿನಿಂದ ಹೊಡೆತ ಒಳಗೆ ಬರುತ್ತದೆ. ಹೊರಗಿನ ಕ್ಯಾಮೆರಾಗಳ ಕೇಬಲ್ಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿ, ರ್ಯಾಕಿಗೆ ಸರಿಯಾದ ಅರ್ಥಿಂಗ್ ಕೊಡಿಸಿ. ಬೇರೆ ಕಟ್ಟಡಕ್ಕೆ ಹೋಗುವುದಾದರೆ ತಾಮ್ರ ಬೇಡ, ಫೈಬರ್ ಎಳೆಯಿರಿ. ಗೋಡೌನಿಗೆ ಈ ಸಲ ಹಾಗೇ ಮಾಡಿ, ಅಲ್ಲೊಂದು ಸಣ್ಣ ಪಿಒಇ ಸ್ವಿಚ್ ಇಟ್ಟೆವು.

ಯುಪಿಎಸ್ ಲೆಕ್ಕದಲ್ಲೂ ಪಿಒಇಯ ವಾಟ್ ಸೇರಿಸಬೇಕು. 348ರ ಮೇಲೆ ಸ್ವಿಚ್ಚುಗಳ ಸ್ವಂತ ಖರ್ಚು, ಪವರ್ ಸಪ್ಲೈಯ ನಷ್ಟ ಸೇರಿ ನಮ್ಮದು ಐನೂರರ ಹತ್ತಿರ ಬಂತು. ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್ ಇದಕ್ಕೆ ಸಾಲದು. ರ್ಯಾಕನ್ನು ಅಟ್ಟದಲ್ಲಿ, ಹೆಂಚಿನ ಅಡಿಯಲ್ಲಿ ಇಡಬೇಡಿ. ಫ್ಯಾನಿರುವ ಸ್ವಿಚ್ ಗದ್ದಲ ಮಾಡುತ್ತದೆ, ಕೌಂಟರಿನ ಹಿಂದೆಯೂ ಬೇಡ.

ಖರೀದಿಗೆ ಗಡಿಯವರಾದ ನಮಗೆ ಎರಡು ದಾರಿ. ಕಾಸರಗೋಡಿನಲ್ಲೇ ಕೊಂಡರೆ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಸಾಲು. ತಲಪಾಡಿಯಾಚೆ ಮಂಗಳೂರಿನಿಂದ ಇಲ್ಲಿಗೆ ತರಿಸಿಕೊಂಡರೆ ಐಜಿಎಸ್‌ಟಿ. ಆಫೀಸಿನ ಜಿಎಸ್‌ಟಿ ನಂಬರ್ ಕೊಡಿ. 50,000 ರೂಪಾಯಿ ದಾಟಿದರೆ ಇ-ವೇ ಬಿಲ್ಲೂ ಬೇಕು. ರೇಟಿಗಿಂತ ನಾನು ಹೆಚ್ಚು ಕೇಳುವುದು ವಾರಂಟಿಯನ್ನು. ಕೆಟ್ಟರೆ ಎಲ್ಲಿಗೆ ಕಳಿಸಬೇಕು, ಬದಲಿ ಎಷ್ಟು ದಿನದಲ್ಲಿ, ಸಾಗಾಟದ ಖರ್ಚು ಯಾರದ್ದು? ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ಜೋಡಿಸಿದ ದಿನವೇ ಪೋರ್ಟುಗಳಿಗೆ ಆದ್ಯತೆ ಹಾಕಿಸಿ. ವಾಟ್ ಕಡಿಮೆಯಾದಾಗ ಮೊದಲು ಯಾವುದು ಆರಬೇಕು ಎಂದು ಸ್ವಿಚ್ಚಿಗೆ ಹೇಳಿಡಬಹುದು. ನಮ್ಮಲ್ಲಿ ಗೇಟಿನ ಕ್ಯಾಮೆರಾ ಮೇಲೆ, ಮೀಟಿಂಗ್ ಹಾಲಿನ ಫೋನು ಕೆಳಗೆ. ಆಮೇಲೆ ಯಾರಾದರೂ ಫೋನಿನಲ್ಲಿ ಮಾತಾಡುತ್ತಿರುವಾಗ ಯಜಮಾನ ಸ್ವಿಚ್ಚಿನ ಪ್ಲಗ್ ಎಳೆಯಿರಿ. ಇನ್ನೊಂದರಲ್ಲಿರುವ ಫೋನುಗಳು ಉಳಿಯಬೇಕು. ಜೋಡಿಸಲು ಬಂದ ಹುಡುಗರು ಇದಕ್ಕೆ ಹಿಂದೇಟು ಹಾಕುತ್ತಾರೆ, ಬಿಡಬೇಡಿ.

ಮತ್ತೆ, ಅವರನ್ನು ನಾಲ್ಕು ಗಂಟೆಗೇ ಕಳಿಸಬೇಡಿ. ಚಾ ಕುಡಿಸಿ ಏಳರ ತನಕ ಕೂರಿಸಿ. ಕತ್ತಲಲ್ಲಿ ಹನ್ನೆರಡು ಕ್ಯಾಮೆರಾಗಳ ಕೆಂಪು ಮಿಣುಕನ್ನೂ ಒಂದೊಂದಾಗಿ ಎಣಿಸಿದ ಮೇಲೆಯೇ ಸೆಕ್ರೆಟರಿಯವರು ಈ ಸಲ ಬಿಲ್ಲಿಗೆ ಸಹಿ ಹಾಕಿದ್ದು.