ಹಸಿರು ಹಳದಿಯಾದದ್ದು ಯಾವ ದಿನ?

ನಗರ ಯೋಜನೆಯ ನಕ್ಷೆಗಳಲ್ಲಿ ಸಾಮಾನ್ಯವಾಗಿ ಹಳದಿ ಎಂದರೆ ವಸತಿ, ಹಸಿರು ಎಂದರೆ ಬೇಸಾಯ ಇಲ್ಲವೇ ಬಯಲು. ಆ ಬಣ್ಣಗಳನ್ನು ತುಂಬುವುದೇ 22 ವರ್ಷ ನನ್ನ ನೌಕರಿಯಾಗಿತ್ತು. ನಿವೃತ್ತನಾದ ಮೇಲೆ ಒಮ್ಮೆ ಪರಿಷ್ಕೃತ ನಕ್ಷೆಯನ್ನು ಸುಮ್ಮನೆ ನೋಡುತ್ತಿದ್ದಾಗ, ಹಳ್ಳದ ದಂಡೆಯಲ್ಲಿ ಹಲ್ಲಿನಂತೆ ಚಾಚಿಕೊಂಡ ಒಂದು ಹಳದಿ ತುಂಡು ಕಣ್ಣಿಗೆ ಬಿತ್ತು. ಮೂರು ಕಡೆ ಹಸಿರು, ನಾಲ್ಕನೆಯ ಕಡೆ ನೀರು. ಯೋಜಕರು ಎಳೆಯುವ ಗೆರೆ ರಸ್ತೆಯನ್ನೋ ಹಳ್ಳವನ್ನೋ ಹಿಡಿದು ಹೋಗುತ್ತದೆ. ಈ ಗೆರೆ ಒಬ್ಬ ಮಾಲೀಕನ ಬೇಲಿಯನ್ನು ಹಿಡಿದು ಹೋಗಿತ್ತು.

ಆ ಹಸಿರು ನೆಲ ಹೇಗೆ ಹಳದಿಯಾಯಿತು ಎಂದು ಹುಡುಕಲು ಹೊರಟೆ. ಮೊದಲ ವಾರ ನಾನು ಮಾಡಿದ್ದೆಲ್ಲ ತಪ್ಪು. ಜಮೀನು ಕೊಂಡ ಕಂಪನಿಯ ನಿರ್ದೇಶಕನದೂ ಯೋಜನಾ ಸಮಿತಿಯ ಒಬ್ಬ ಸದಸ್ಯರದೂ ಮನೆತನದ ಹೆಸರು ಒಂದೇ ಆಗಿತ್ತು. ಸಂಬಂಧಿಕರೇ ಸರಿ ಎಂದುಕೊಂಡೆ. ಅಷ್ಟಕ್ಕೇ ಬಿಡದೆ ಪರಿಚಯದ ಇಬ್ಬರ ಕಿವಿಗೂ ಹಾಕಿದೆ. ಆಮೇಲೆ ತಿಳಿಯಿತು, ಅವರಿಬ್ಬರಿಗೂ ಯಾವ ನಂಟೂ ಇಲ್ಲ. ಅಷ್ಟೇ ಅಲ್ಲ, ಆ ಸದಸ್ಯರು ಜಮೀನನ್ನು ವಸತಿಗೆ ಬದಲಿಸುವ ಪ್ರಸ್ತಾವದ ವಿರುದ್ಧ ಮತ ಹಾಕಿದ್ದರು. ನಡಾವಳಿಯ ಕೊನೆಯ ಪುಟ ತಿರುವಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಆ ಇಬ್ಬರ ಮನೆಗೂ ಹೋಗಿ, ನಾನು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡು ಬಂದೆ. ಒಬ್ಬರು ನಕ್ಕರು. ಇನ್ನೊಬ್ಬರು ಅಷ್ಟರಲ್ಲಾಗಲೇ ನಾಲ್ಕು ಜನಕ್ಕೆ ಹೇಳಿದ್ದರು.

ಅಂದಿನಿಂದ ನನ್ನ ಪುಸ್ತಕದಲ್ಲಿ ಹೆಸರುಗಳನ್ನು ಬರೆಯುವುದು ನಿಲ್ಲಿಸಿದೆ. ಪ್ರತಿ ಪುಟದಲ್ಲಿ ಮೂರು ಕಾಲಂ: ತಾರೀಕು, ಏನಾಯಿತು, ಯಾವ ದಾಖಲೆಯ ಎಷ್ಟನೆಯ ಪುಟ. ಮೂರನೆಯ ಕಾಲಂ ಖಾಲಿ ಉಳಿದರೆ ಆ ಸಾಲನ್ನು ಹೊಡೆದುಹಾಕುತ್ತಿದ್ದೆ. ಕಂಪನಿ ನೋಂದಣಿಯಾದ ದಿನ, ಕ್ರಯದ ಕರಾರಿನ ದಿನ, ಅರ್ಜಿ ಬಂದ ದಿನ, ಸಾರ್ವಜನಿಕ ಪ್ರಕಟಣೆಯ ದಿನ, ಸಭೆಯ ದಿನ ಎಲ್ಲವನ್ನೂ ಒಂದರ ಕೆಳಗೊಂದು ಬರೆದಾಗ ಕಂಡದ್ದು ಇಷ್ಟು: ಪ್ರಕಟಣೆ ಹೊರಬೀಳುವ 14 ವಾರ ಮೊದಲು ಕರಾರು, ಕರಾರಿಗೆ 5 ವಾರ ಮೊದಲು ಕಂಪನಿ. ಬೇಸಾಯದ ಬೆಲೆಗೆ ಕೊಂಡ ನೆಲ ಒಂದು ಸಭೆ ಮುಗಿಯುವಷ್ಟರಲ್ಲಿ ಮನೆ ಕಟ್ಟುವ ನೆಲವಾಗುತ್ತದೆ. ಈ ವ್ಯವಹಾರದ ಲಾಭವೆಲ್ಲ ಇರುವುದು ಆ ವ್ಯತ್ಯಾಸದಲ್ಲಿ. ಆದರೂ ತಾರೀಕುಗಳು ಒಳಗಿನ ಸುದ್ದಿ ಹೊರಗೆ ಹೋಗಿತ್ತು ಎಂಬುದಕ್ಕೆ ಸುಳಿವು ಮಾತ್ರ. ಚುರುಕಾದ ವ್ಯಾಪಾರಿಯೊಬ್ಬ ನಗರ ಬೆಳೆಯುವ ದಿಕ್ಕನ್ನು ಊಹಿಸಿ ಕೊಂಡಿರಲೂಬಹುದು.

ಮಾಹಿತಿ ಹಕ್ಕಿನ ಅರ್ಜಿ ಹಾಕುವಾಗ ಬಹಳ ಜನ ಬರೀ ನಿರ್ಣಯದ ಪ್ರತಿ ಕೇಳುತ್ತಾರೆ. ನಿರ್ಣಯದಲ್ಲಿ ಹುರುಳಿಲ್ಲ. 'ಸಾರ್ವಜನಿಕ ಹಿತದೃಷ್ಟಿಯಿಂದ ಅನುಮೋದಿಸಲಾಗಿದೆ' ಎಂಬ ಒಂದು ಸಾಲು ಇರುತ್ತದೆ, ಅಷ್ಟೇ. ನಾನು ಕೇಳಿದ್ದು ಕಡತದ ಟಿಪ್ಪಣಿ ಹಾಳೆಗಳನ್ನು. ಗುಮಾಸ್ತರು ಬರೆಯುವ ಷರಾಗಳ ಬೆಲೆ ನನಗೆ ಗೊತ್ತಿತ್ತು. ಅಂಥವನ್ನು ಎಷ್ಟೋ ಸಲ ನಾನೇ ಬರೆದಿದ್ದೆ. ಆ ಹಾಳೆಗಳಲ್ಲಿ ಎಂಜಿನಿಯರ್ ಸ್ಪಷ್ಟವಾಗಿ ಬರೆದಿದ್ದರು: ಮಳೆಗಾಲದಲ್ಲಿ ನೀರು ನುಗ್ಗುತ್ತದೆ, ಒಳಚರಂಡಿ ಇಲ್ಲ, ಶಿಫಾರಸು ಮಾಡಲಾಗದು. ಆ ಹಾಳೆಯ ನಂತರದ ಸಂಖ್ಯೆ ಎರಡು ಬಿಟ್ಟು ಮುಂದಕ್ಕೆ ಹೋಗಿತ್ತು. ಹಾಳೆ 31 ಆದ ಮೇಲೆ 34. ನಡುವಿನ ಎರಡು ಎಲ್ಲಿ ಎಂದು ಕೇಳಿದಾಗ ಕಚೇರಿಯ ಹಳೆಯ ಸಹೋದ್ಯೋಗಿ, "ಅದನ್ನು ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ. ಬರೆದು ಕೇಳಿದರೆ ನಾನೂ ಬರೆದೇ ಉತ್ತರಿಸಬೇಕಾಗುತ್ತದೆ" ಎಂದರು. ನನಗೆ ಸಿಕ್ಕ ಅತ್ಯುತ್ತಮ ಸಲಹೆ ಅದು. ಬರೆದು ಕೇಳಿದೆ. 'ಲಭ್ಯವಿಲ್ಲ' ಎಂಬ ಉತ್ತರ ಬಂತು, ಸಹಿಯೊಂದಿಗೆ.

ನಡಾವಳಿಯಲ್ಲಿ ಇನ್ನೊಂದು ಸಂಗತಿಯಿತ್ತು. ಈ ವಿಷಯ ಕಾರ್ಯಸೂಚಿಯಲ್ಲೇ ಇರಲಿಲ್ಲ. ಸಭೆಯ ಕೊನೆಗೆ 'ಅಧ್ಯಕ್ಷರ ಅಪ್ಪಣೆಯ ಮೇರೆಗೆ' ಬಂದ ವಿಷಯಗಳ ನಡುವೆ ನುಸುಳಿತ್ತು. ಯಾರು ತಮ್ಮ ಹಿತಾಸಕ್ತಿಯನ್ನು ಘೋಷಿಸಿ ಹೊರಗೆ ನಡೆದರು, ಯಾರು ಕುಳಿತೇ ಮತ ಹಾಕಿದರು ಎಂಬುದನ್ನೂ ಇಲ್ಲೇ ನೋಡಬೇಕು. ಆಸ್ಟ್ರೇಲಿಯಾದ ಮೆಲ್ಬರ್ನ್ ಹೊರವಲಯದ ಕೇಸಿ ನಗರಸಭೆಯನ್ನು 2020ರಲ್ಲಿ ಅಲ್ಲಿನ ರಾಜ್ಯ ಸರ್ಕಾರ ವಜಾ ಮಾಡಿತು. 2023ರಲ್ಲಿ ಹೊರಬಂದ ಭ್ರಷ್ಟಾಚಾರ ವಿರೋಧಿ ಆಯೋಗದ ವರದಿಯಲ್ಲಿ, ಸದಸ್ಯರು ಹಿತಾಸಕ್ತಿಯನ್ನು ಮುಚ್ಚಿಟ್ಟ ಸಂಗತಿ ಮುಖ್ಯವಾಗಿತ್ತು.

ಆದರೆ ನನ್ನ ಪಾಲಿಗೆ ಎಲ್ಲಕ್ಕಿಂತ ಗಟ್ಟಿಯಾದ ಕಾಗದ ಸಿಕ್ಕಿದ್ದು ಈ ಕಡತದ ಹೊರಗೆ. ಹಿಂದಿನ ಆರು ವರ್ಷಗಳ ನಡಾವಳಿಗಳನ್ನು ತರಿಸಿ ಓದಿದೆ. ಬೇಸರದ ಕೆಲಸ, ಎರಡು ತಿಂಗಳು ಹಿಡಿಯಿತು. ಅದರಲ್ಲಿ, ಇದೇ ಹಳ್ಳದ ಇದೇ ದಂಡೆಯಲ್ಲಿ ಪಕ್ಕದ ಜಮೀನಿನವರ ಅರ್ಜಿಯನ್ನು ಎರಡು ವರ್ಷದ ಹಿಂದೆ ಇದೇ ಸಮಿತಿ ತಿರಸ್ಕರಿಸಿತ್ತು. ಕಾರಣ, ನೀರು ನುಗ್ಗುತ್ತದೆ. ಬೇಲಿಯ ಆಚೆ ನುಗ್ಗುವ ನೀರು ಈಚೆ ನುಗ್ಗುವುದಿಲ್ಲವೇ ಎಂಬ ಪ್ರಶ್ನೆ ಕೇಳಲು ಯಾರ ಮೇಲೂ ಆರೋಪ ಹೊರಿಸಬೇಕಾಗಿಲ್ಲ.

ಹಣ ಕೈ ಬದಲಾಯಿತೇ ಎಂಬುದು ಕಡತದಿಂದ ತಿಳಿಯುವುದಿಲ್ಲ. ಡಬ್ಲಿನ್ ಸುತ್ತಲಿನ ವಲಯ ಬದಲಾವಣೆಗಳನ್ನು ತನಿಖೆ ಮಾಡಲು ಐರ್ಲೆಂಡಿನಲ್ಲಿ 1997ರಲ್ಲಿ ರಚನೆಯಾದ ವಿಚಾರಣಾ ಮಂಡಳಿ ಅಂತಿಮ ವರದಿ ಕೊಟ್ಟದ್ದು 2012ರಲ್ಲಿ. ಅಲ್ಲಿನ ಸ್ಥಳೀಯ ಆಡಳಿತದ ಚುನಾಯಿತ ಸದಸ್ಯರಿಗೆ ಹಣ ಹಂಚಿದ ಮಧ್ಯವರ್ತಿ ಫ್ರಾಂಕ್ ಡನ್‌ಲಪ್ ತಪ್ಪೊಪ್ಪಿಕೊಂಡು 2009ರಲ್ಲಿ ಜೈಲಿಗೆ ಹೋದರು. ಪಡೆದವರಲ್ಲಿ ಕೆಲವರು ಅದನ್ನು ಚುನಾವಣಾ ದೇಣಿಗೆ ಎಂದರು. ಸಾಕ್ಷಿಗಳನ್ನು ಕರೆಸುವ, ಬ್ಯಾಂಕಿನ ಲೆಕ್ಕ ತೆರೆಸುವ ಅಧಿಕಾರವಿದ್ದ ಮಂಡಳಿಗೇ 15 ವರ್ಷ ಬೇಕಾಯಿತು. ನನ್ನ ಕೈಯಲ್ಲಿದ್ದದ್ದು ಒಂದು ಅರ್ಜಿ ನಮೂನೆ.

ಹಾಗಾಗಿ ನನ್ನ ದೂರಿನಲ್ಲಿ 'ಲಂಚ' ಎಂಬ ಪದವನ್ನು ಬಳಸಲಿಲ್ಲ. ಒಂಬತ್ತು ಪ್ರಶ್ನೆ ಬರೆದೆ, ಪ್ರತಿಯೊಂದರ ಎದುರು ದಾಖಲೆಯ ಪುಟಸಂಖ್ಯೆ ಹಾಕಿದೆ. ಮೊದಲು ಸಮಿತಿಗೂ ಕಂಪನಿಗೂ ಕಳುಹಿಸಿ ಉತ್ತರಕ್ಕೆ ಮೂರು ವಾರ ಕಾದೆ. ಸಮಿತಿ ಸುಮ್ಮನಿತ್ತು. ಕಂಪನಿಯಿಂದ ವಕೀಲರ ನೋಟಿಸ್ ಬಂತು. ಒಂಬತ್ತರಲ್ಲಿ ಒಂದಕ್ಕೂ ಅದರಲ್ಲಿ ಉತ್ತರವಿರಲಿಲ್ಲ. ಕಡತವನ್ನೂ ನೋಟಿಸನ್ನೂ ಸೇರಿಸಿ ಲೆಕ್ಕ ಪರಿಶೋಧಕರಿಗೂ ಭ್ರಷ್ಟಾಚಾರ ತನಿಖೆ ಮಾಡುವವರಿಗೂ ಒಪ್ಪಿಸಿದೆ.

ಹನ್ನೊಂದು ತಿಂಗಳ ನಂತರ ನಿರ್ಣಯ ರದ್ದಾಯಿತು. ಆಕ್ಷೇಪಣೆಗೆ ಕೊಡಬೇಕಾದ ಕಾಲಾವಕಾಶ ಕೊಟ್ಟಿಲ್ಲ ಎಂಬ ತಾಂತ್ರಿಕ ಕಾರಣಕ್ಕೆ. ಹಣದ ಮಾತು ಯಾರೂ ಎತ್ತಲಿಲ್ಲ. ಹೊಸ ನಕ್ಷೆಯಲ್ಲಿ ಆ ತುಂಡು ಮತ್ತೆ ಹಸಿರಾಗಿದೆ. ಜಮೀನು ಈಗಲೂ ಅದೇ ಕಂಪನಿಯ ಹೆಸರಿನಲ್ಲಿದೆ. ಹೊಸ ಅರ್ಜಿ ಬಂದಿದೆಯೇ ಎಂದು ಪ್ರತಿ ಸಭೆಯ ಕಾರ್ಯಸೂಚಿಯನ್ನು, ಅಪ್ಪಣೆಯ ಮೇರೆಗೆ ಬರುವ ವಿಷಯಗಳನ್ನೂ ಬಿಡದೆ, ಓದುತ್ತಿದ್ದೇನೆ.